ಬಾಡಿಗೆ ರೋಗಿ

ನಮ್ಮ ಚಿಕ್ಕಪ್ಪನ ಕಣ್ಣಿಗೆ ಲೋಕದಲ್ಲಿ ನೆಟ್ಟಗಿರುವ ವಸ್ತು ಒಂದೂ ಇಲ್ಲ. ಎಲ್ಲವೂ ರಿಪೇರಿಗೆ ಬಂದಂಥವೇ! ವೈಟ್‌ಫೀಲ್ಡ್ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೇಷ್ಟ್ರು ಅವರು. ಮಹದೇವಪುರದ ಟೆಕ್ ಪಾರ್ಕಿನಲ್ಲಿ ಎರಡು ದಿನದ ‘ಡಿಸೈನ್ ಥಿಂಕಿಂಗ್’ ಶಿಬಿರಕ್ಕೆ ಹೋಗಿ ಬಂದ ಮೇಲಂತೂ ಕೇಳಲೇಬೇಡಿ. ಬಳಸುವವರ ಕಷ್ಟ ಏನೆಂದು ಮೊದಲು ತಿಳಿಯಬೇಕಂತೆ, ಹಳದಿ ಚೀಟಿಯಲ್ಲಿ ಬರೆದು ಅಂಟಿಸಬೇಕಂತೆ, ಆಮೇಲೆ ಏನಾದರೊಂದು ಮಾಡಿ, ಕೆಡಿಸಿ, ಮತ್ತೆ ಮಾಡಬೇಕಂತೆ. ಸಾರಿನ ಪಾತ್ರೆಗೆ ‘ಕಷ್ಟ: ಉಪ್ಪು ಸಾಲದು’ ಅಂತ ಅಂಟಿಸಿದರು. ಚಿಕ್ಕಮ್ಮ ಇನ್ನೊಂದು ಚೀಟಿ ಬರೆದು ಅವರ ಬೆನ್ನಿಗೇ ಅಂಟಿಸಿದರು: ‘ಕಷ್ಟ: ಇವರು.’ ಅದನ್ನು ಹೊತ್ತುಕೊಂಡೇ ದಿನವಿಡೀ ಪಾಠ ಮಾಡಿ ಬಂದರು, ಪುಣ್ಯಾತ್ಮ!

ಹಂದಿಜ್ವರ ಹಬ್ಬಿದ ವರ್ಷ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವಂತಿಲ್ಲ ಅಂತಾಯಿತು. ತಿಂಗಳು ಕಳೆದರೆ ಇದೇ ಹುಡುಗರು ರೋಗಿಗಳ ಮುಂದೆ ನಿಲ್ಲಬೇಕು. ರೋಗಿಯನ್ನೇ ನೋಡದೆ ಡಾಕ್ಟರಾಗುವುದು ಹೇಗೆ? ಚಿಕ್ಕಪ್ಪನ ದೃಷ್ಟಿ ನನ್ನ ಮೇಲೆ ಬಿತ್ತು.

‘ಊರೋರನ್ನೆಲ್ಲ ಅಣಕಿಸ್ತೀಯಲ್ಲೋ, ರೋಗಿಯಾಗು.’

ನನಗೇನು! ಮದುವೆಮನೆಯಲ್ಲಿ ಹತ್ತು ದನಿ ತೆಗೆದು ಹನ್ನೊಂದನೇ ಹೋಳಿಗೆ ಗಿಟ್ಟಿಸುವವನು ನಾನು. ಬಾಡಿಗೆ: ದಿನಕ್ಕೊಂದು ಮಸಾಲೆದೋಸೆ. ಪಾತ್ರ: ದೊಡ್ಡನೆಕ್ಕುಂದಿಯಲ್ಲಿ ರೂಮು ಮಾಡಿಕೊಂಡಿರುವ ರಾಯಚೂರಿನ ಗಾರೆ ಕೆಲಸದವನು, ಉಸಿರು ಕಟ್ಟಿ ಆಸ್ಪತ್ರೆಗೆ ಬಂದಿದ್ದಾನೆ. ಕ್ಲಾಸಿನಲ್ಲೊಂದು ಮಂಚ ಹಾಕಿಸಿದ್ದರು. ಅದರ ಮೇಲೆ ಹೊರಳಾಡಿ, ‘ಯವ್ವಾ ಯವ್ವಾ, ಜೀವ ಹೊಂಟೈತ್ರೀ ಡಾಕ್ಟರ್ ಸಾಹೇಬ್ರ!’ ಅಂದೆ. ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಚಿಕ್ಕಪ್ಪ ನನ್ನ ಹಣೆಗೆ ಚೀಟಿ ಅಂಟಿಸಿದರು: ‘ಕಷ್ಟ: ನಟನೆ.’

‘ಉಸಿರು ಕಟ್ಟಿದವನು ಇಷ್ಟು ಮಾತಾಡ್ತಾನೇನೋ? ನೋಡಿಲ್ಲಿ.’

ತಾವೇ ಕೂತರು. ಎರಡೂ ಕೈ ಮಂಡಿಗೆ ಊರಿದರು. ಮೂರು ಮಾತು, ಒಂದು ಉಸಿರು. ಮತ್ತೆ ಎರಡೇ ಮಾತು. ಕತ್ತಿನ ನರ ಬಿಗಿಯುತ್ತಿತ್ತು.

‘ಸಕ್ಕತ್ ಚಿಕ್ಕಪ್ಪಾ! ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?’ ಅಂದೆ. ಅವರು ನಗಲಿಲ್ಲ.

ವಾರವಿಡೀ ಅದನ್ನೇ ಕಲಿತೆ. ಬ್ಯಾಚಿನ ಹನ್ನೊಂದು ಜನ ಒಬ್ಬೊಬ್ಬರಾಗಿ ಬಂದು, ‘ಕೆಮ್ಮು ಎಷ್ಟು ದಿನದಿಂದ? ಕಫದ ಬಣ್ಣ? ಬೀಡಿ ಸೇದ್ತೀರಾ?’ ಅಂತ ಪಟ್ಟಿ ಓದಿದ್ದೇ ಓದಿದ್ದು. ಏದುತ್ತಾ ಉತ್ತರಿಸಿ ನಾನು ನಿಜವಾಗಿಯೂ ಸುಸ್ತಾದೆ! ಕೊನೆಗೆ ಬಂದ ಹನ್ನೆರಡನೆಯವಳು ಮಾತ್ರ ನನ್ನ ಮುಖ ನೋಡಿದಳು. ಪಟ್ಟಿ ಮಡಚಿಟ್ಟು, ಸ್ಟೂಲ್ ಎಳೆದು ಕೂತಳು.

‘ಅಣ್ಣಾ, ಮಾತಾಡ್ಬೇಡಿ. ಮೊದಲು ಆಕ್ಸಿಜನ್ ಹಾಕ್ತೀವಿ. ಹೌದು ಅನ್ನೋದಿದ್ರೆ ಕೈ ಎತ್ತಿ, ಸಾಕು.’

ಚಿಕ್ಕಪ್ಪ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು.

ವಾಪಸ್ ಬರುವಾಗ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ, ಅವರ ಸ್ಕೂಟರಿನ ಹಿಂದೆ ಕೂತು ಕೇಳಿದೆ: ‘ಆ ಉಸಿರು ಯಾರದು ಚಿಕ್ಕಪ್ಪಾ?’

‘ನಿಮ್ಮ ತಾತಂದು ಕಣೋ. ನಾನಾಗ ಮೆಡಿಕಲ್ ಓದ್ತಿದ್ದೆ. ಪಟ್ಟಿ ಹಿಡ್ಕೊಂಡು ಒಂದೂ ಬಿಡದೆ ಕೇಳಿದೆ. ಮಗ ಕೇಳ್ತಿದಾನಲ್ಲ ಅಂತ, ಪಾಪ, ಎಲ್ಲದಕ್ಕೂ ಉತ್ತರ ಕೊಟ್ರು.’

ಹಸಿರು ಬಂತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಸ್ಕೂಟರ್ ಕದಲಲಿಲ್ಲ.

ನಾನು ಬಸ್ ಕಂಡಕ್ಟರನ ದನಿ ತೆಗೆದೆ: ‘ರೈಟ್ ರೈಟ್, ಮುಂದೆ ಹೋಗಿ ಸಾರ್!’ ಆಮೇಲೆ ನನ್ನದೇ ದನಿಯಲ್ಲಿ ಅಂದೆ, ‘ಆ ಹನ್ನೊಂದು ಜನಾನ ನಾಳೆ ಮತ್ತೆ ಕರೀರಿ ಚಿಕ್ಕಪ್ಪಾ. ದೋಸೆ ಬೇಡ.’