ಫೋನ್ ತೆರಿಗೆ ವಾಪಸಾತಿ: ವರ್ಲಿನ್ ಅವರ ಪಾಲಿನ ಹತ್ತು ಡಾಲರ್

ಘನ ತೆರಿಗೆ ಇಲಾಖೆಯ ಮುಖ್ಯಸ್ಥರ ಸನ್ನಿಧಾನಕ್ಕೆ, ಕ್ಯಾನ್ಸಸ್ ರಾಜ್ಯದ ಒಬ್ಬ ವಿಧವೆಯ ಸವಿನಯ ವಂದನೆಗಳು.

ಮಾನ್ಯರೇ,

ಸ್ಪೇನ್ ಮೇಲಿನ ಯುದ್ಧದ ಖರ್ಚಿಗೆಂದು ನಮ್ಮಜ್ಜಿಯ ಕಾಲದಲ್ಲಿ ಫೋನಿಗೆ ಹಾಕಿದ ತೆರಿಗೆಯನ್ನು, ಯುದ್ಧ ಮುಗಿದು ನೂರು ವರ್ಷ ಕಳೆದರೂ ಬಿಡದೆ ವಸೂಲು ಮಾಡಿದ ತಮ್ಮ ಕರ್ತವ್ಯನಿಷ್ಠೆಗೆ ಮೊದಲು ಕೈಮುಗಿಯುತ್ತೇನೆ. ದೂರದೂರಿನ ಕರೆಗಳಿಗೆ ಅದು ಸಲ್ಲದೆಂದು ಕೋರ್ಟುಗಳು ಹೇಳಿದ ಮೇಲೆ, 2003ರಿಂದೀಚಿನ ಮೂರೂವರೆ ವರ್ಷದ್ದನ್ನು ಮಾತ್ರ ಹಿಂದಿರುಗಿಸುವ ದೊಡ್ಡ ಮನಸ್ಸು ಮಾಡಿದ್ದೀರಿ. ಹಳೆಯ ಬಿಲ್ಲು ಇಲ್ಲದವರಿಗೆ ತಲೆಲೆಕ್ಕ. ಒಬ್ಬರಿದ್ದ ಮನೆಗೆ ಮೂವತ್ತು ಡಾಲರ್, ಇಬ್ಬರಿದ್ದರೆ ನಲವತ್ತು.

ನನ್ನ ಪತಿ ವರ್ಲಿನ್ ತೀರಿಕೊಂಡದ್ದು 2005ರ ನವೆಂಬರಿನಲ್ಲಿ. ತಾವು ಎಣಿಸುವುದು 2006ರ ತಲೆಗಳನ್ನು. ತಮ್ಮ ಸಹಾಯವಾಣಿಯವರು ನಲವತ್ತು ನಿಮಿಷ ಪಿಟೀಲು ಕೇಳಿಸುತ್ತ ಕಾಯಿಸಿ, "ನೋಡೀಮ್ಮಾ, ಹೋದ್ವರ್ಷ ಮನೇಲಿ ಇದ್ದಿದ್ದು ನೀವೊಬ್ರೇ ತಾನೆ? ತೀರ್ಕೊಂಡೋರನ್ನ ಸೇರ್ಸೋಕೆ ಬರಲ್ಲ. ಮೂವತ್ತು ತಗೊಂಡು ಸುಮ್ನಿರಿ" ಎಂದು ಅಪ್ಪಣೆ ಕೊಡಿಸಿದರು.

ನಮ್ಮ ಕಡೆ ಬಂದ ನೆಂಟರು ತಮ್ಮೂರು ಮುಟ್ಟಿದ ಮೇಲೆ ಫೋನನ್ನು ಎರಡು ಸಲ ರಿಂಗ್ ಮಾಡಿ ಇಟ್ಟುಬಿಡುತ್ತಾರೆ. ಯಾರೂ ಎತ್ತುವುದಿಲ್ಲ, ಕಾಸೂ ಖರ್ಚಾಗುವುದಿಲ್ಲ, ತಲುಪಿದರೆಂದು ತಿಳಿಯುತ್ತದೆ. ಈ ಜಾಣತನ ತಲೆಗೆ ಹತ್ತದವರು ಇಡೀ ಜಿಲ್ಲೆಗೆ ವರ್ಲಿನ್ ಒಬ್ಬರೇ. ನೆಬ್ರಾಸ್ಕಾದಲ್ಲಿರುವ ಅವರ ತಂಗಿ ಐಡೆಲ್ ಎರಡು ರಿಂಗ್ ಕೊಟ್ಟಳೋ ಇಲ್ಲವೋ, "ಅವ್ಳ ದನಿ ಕೇಳ್ದೆ ಹೆಂಗೆ ನಂಬ್ಲಿ?" ಎಂದು ತಾವೇ ಫೋನ್ ಹಚ್ಚಿ ಒಂದು ಗಂಟೆ ಹರಟುತ್ತಿದ್ದರು. ಬಿಲ್ಲು ಬಂದಾಗಲೆಲ್ಲ ನಾನು ಜಗಳ ತೆಗೆದು, ಹಣ ಕಟ್ಟಿದೊಡನೆ ಅದನ್ನು ಹರಿದು ಒಲೆಗೆ ಹಾಕುತ್ತಿದ್ದೆ. ಆ ಜಗಳಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೀಗೆ, ದೂರದ ಕರೆ ಒಂದನ್ನೂ ಮಾಡದ ನನಗೆ ಮೂವತ್ತು, ಎಲ್ಲವನ್ನೂ ಮಾಡಿದವರಿಗೆ ಸೊನ್ನೆ. ಇಷ್ಟು ನಾಜೂಕಾಗಿ ನ್ಯಾಯ ತೂಗಲು ತಮ್ಮಂಥ ಮೇಧಾವಿಗಳೇ ಆಗಬೇಕು. ಆದ್ದರಿಂದ ನನ್ನನ್ನು ಬಿಟ್ಟು ಅವರೊಬ್ಬರನ್ನೇ ಲೆಕ್ಕಕ್ಕೆ ಹಿಡಿಯಬೇಕಾಗಿ ಪ್ರಾರ್ಥನೆ. ಅದು ಆಗದಿದ್ದರೆ ಮನೆಯಲ್ಲಿ ಇಬ್ಬರಿದ್ದರೆಂದು ಬರೆದುಕೊಂಡು, ನಲವತ್ತು ಡಾಲರನ್ನೂ ತಾವೇ ಇಟ್ಟುಕೊಳ್ಳಿ. ನನಗೆ ಬೇಕಾದದ್ದು ಆ ಬರಹ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಲವಾನ್ ಸ್ಟಾಫರ್

ಮರೆತ ಮಾತು: ವಾಪಸಾತಿಯ ಅರ್ಜಿಯಲ್ಲಿ ಅವರ ಹೆಸರನ್ನೂ ಬರೆದು 'ಇಬ್ಬರು' ಎಂದೇ ತುಂಬಿ, ಸಹಿ ಹಾಕಿ, ಬೆಳಿಗ್ಗೆಯೇ ಅಂಚೆಗೆ ಹಾಕಿಬಿಟ್ಟಿದ್ದೇನೆ. ಸುಳ್ಳು ಬರೆದರೆ ಶಿಕ್ಷೆ ಎಂದು ಅದರಲ್ಲೇ ಅಚ್ಚಾಗಿರುವುದನ್ನು ಓದಿದ್ದೇನೆ. ವರ್ಲಿನ್ ಹೆಸರಿನ ಮೇಲೆ ಗೆರೆ ಎಳೆಯಲೇಬೇಕಿದ್ದರೆ ತಾವೇ ಎಳೆಯಿರಿ. ನನ್ನ ಕೈಯಲ್ಲಿ ಆಗುವುದಿಲ್ಲ.