ಹದಿನೇಳು ಅಜ್ಜಿಯರು

ಸಂದರ್ಶನಕ್ಕೆ ಕೂತರೆ ಧನ್ಯಶ್ರೀಗೆ ಬಾಯಿ ಕಟ್ಟುತ್ತದೆ ಎಂಬುದು ಹೊಸನಗರದ ಅವಳ ಬೀದಿಗೆಲ್ಲ ಗೊತ್ತಿತ್ತು. ಮೂರು ಕಡೆ ಹೋಗಿದ್ದಳು. ಮೂರೂ ಕಡೆ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆಂದು ಒಂದು ಸದ್ದು ಮಾಡಿ ವಾಪಸು ಬಂದಿದ್ದಳು. ನಾಲ್ಕನೆಯದು ಸಾಗರದ ಹೊಸ ಲಾಡ್ಜಿನ ರಿಸೆಪ್ಶನ್ ಕೆಲಸ. ಇರುವುದು ಒಂದೇ ಜಾಗ. ಇದೂ ತಪ್ಪಿದರೆ ಆಗುಂಬೆಯ ಚಿಕ್ಕಮ್ಮನ ಹೋಟೆಲಿಗೆ ಕಾಯಿ ತುರಿಯಲು ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಪಕ್ಕದ ಮನೆಯ ಶ್ಯಾಮಲಕ್ಕ ಹಿಂದಿನ ದಿನವೇ ಒಂದು ಪ್ರಶ್ನೆ ಕೊಟ್ಟು ಉತ್ತರ ಬಾಯಿಪಾಠ ಮಾಡಿಸಿದ್ದಳು. "ಎಲ್ಲಾ ಕಡೆ ಇದನ್ನೇ ಕೇಳೋದು ಮಾರಾಯ್ತಿ. ಇದೊಂದು ಬಾಯಿಗೆ ಬಂದ್ರೆ ಸಾಕು."

ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಧನ್ಯಶ್ರೀಗೆ ತನ್ನ ಚಪ್ಪಲಿಯೇ ಕಾಣುತ್ತಿರಲಿಲ್ಲ. ಡೈರಿಯ ತಿರುವಿನಲ್ಲಿ ಮೊದಲು ಒಂದು ಹಾಲಿನ ಕ್ಯಾನು ಹೊರಬಂತು, ಆಮೇಲೆ ಒಂದು ಕೈ, ಕೊನೆಗೆ ಭೂತಪ್ಪಣ್ಣನ ಮುಖ. ಹುಟ್ಟಿದಾಗಿನಿಂದ ಅವಳನ್ನು 'ಏ ಕೂಸೇ' ಎನ್ನುತ್ತಿದ್ದವನು ಕಣ್ಣು ಮಿಟುಕಿಸದೆ ಕೇಳಿದ:

"ನಿಮ್ಮ ದೌರ್ಬಲ್ಯ ಏನು?"

ಅವಳು ಓಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಮುದುಕಿ ಈವರೆಗೆ 'ಎಷ್ಟು ಮೊಳ' ಎಂಬುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ. ಈಗ ಕಟ್ಟುತ್ತಿದ್ದ ಹೂವಿನಿಂದ ತಲೆಯೆತ್ತದೆ, ಅದೇ ದನಿಯಲ್ಲಿ ಕೇಳಿದಳು: "ನಿಮ್ಮ ದೌರ್ಬಲ್ಯ ಏನು?"

ಧನ್ಯಶ್ರೀ ಸಿಕ್ಕಿದ ಬಸ್ಸು ಹತ್ತಿ ಕೂತಳು. ಪುಣ್ಯಕ್ಕೆ ಅದು ಸಾಗರದ್ದೇ. ಒಳಗೆ ಎಲ್ಲರೂ ಅವಳದೇ ವಯಸ್ಸಿನವರು. ಒಬ್ಬರೂ ಮಾತಾಡುತ್ತಿರಲಿಲ್ಲ, ಆದರೆ ಎಲ್ಲರ ತುಟಿಗಳೂ ಅಲ್ಲಾಡುತ್ತಿದ್ದವು. ಅವಳ ಬೀದಿಯವನೇ ಆದ ಕಂಡಕ್ಟರ್ ಯೋಗರಾಜ್ ಕಂಬಿ ಹಿಡಿದು ಅವಳ ಮುಖದ ಹತ್ತಿರ ಬಾಗಿದ.

"ನಿಮ್ಮ ದೌರ್ಬಲ್ಯ ಏನು?"

ಓಡಲು ಜಾಗವಿರಲಿಲ್ಲ. ಅವಳು ಪಿಸುಗುಟ್ಟಿದಳು.

"ಜೋರಾಗಿ ಹೇಳ್ರೀ. ಎಂತದೂ ಕೇಳ್ಸಲ್ಲ."

ಹೆದರಿಕೆಗೇ ಅವಳ ಬಾಯಿ ಬಿಟ್ಟಿತು. "ನಂಗೆ ಮಾತು ಕಡಿಮೆ! ಆದ್ರೆ ನೋಡಿದ್ದು ಮರೆಯಲ್ಲ! ಕೋಣಂದೂರು ಸಂತೇಲಿ ನಮ್ಮಜ್ಜಿ ಕಳೆದುಹೋದಾಗ, ಅವ್ರು ಹತ್ತಿದ ಆಟೋದ ಹಿಂದೆ ನವಿಲಿನ ಚಿತ್ರ ಇದ್ದಿದ್ದು ನೆನಪಿಟ್ಟು ಹುಡುಕ್ದೆ!"

ಆಮೇಲೆ ಇಂಜಿನ್ನಿನ ಸದ್ದಿನಡಿ, ಹಿಂದಿನ ಸೀಟುಗಳಿಂದ ಯಾರ್ಯಾರೋ ಉಸುರತೊಡಗಿದರು: ನವಿಲು... ನವಿಲು... ಅವಳು ತಿರುಗಿ ನೋಡಿದಳು. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಮಂಜಲ್ಲದೆ ಏನೂ ಇರಲಿಲ್ಲ.

ಸಾಗರದಲ್ಲಿ ಇಳಿದವಳೇ ಫೋನ್ ಮಾಡಿದಳು. "ಶ್ಯಾಮಲಕ್ಕಾ, ನಂಗೇನೋ ಹಿಡಿದುಕೊಂಡಿದೆ. ಸಿಕ್ಕಿದವರೆಲ್ಲ ಅದನ್ನೇ ಕೇಳ್ತಾರೆ."

"ಹಿಡಿಯೋದೆಂತ, ಮಣ್ಣು! ನಾನೇ ಬೀದಿ ಗ್ರೂಪಲ್ಲಿ ಹಾಕಿದ್ದು. ಧನ್ಯಾ ಎಲ್ಲಿ ಸಿಕ್ಕಿದ್ರೂ ಇದನ್ನೇ ಕೇಳಿ, ಹೆದ್ರಿಕೆ ಬಿಟ್ಟುಹೋಗ್ಲಿ ಅಂತ. ಹೂವಿನಜ್ಜಿಗೆ ಖುದ್ದು ಹೋಗಿ ಹೇಳಿಬಂದೆ. ಈಗ ಬಾಯಿ ಬಂತೋ ಇಲ್ವೋ?"

ಬಂದಿತ್ತು. ಧನ್ಯಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಗುರಾಗಿ ಲಾಡ್ಜಿನ ಮೆಟ್ಟಿಲು ಹತ್ತಿದಳು. ಪಡಸಾಲೆಯ ಬೆಂಚುಗಳ ಮೇಲೆ ಇಡೀ ಬಸ್ಸು ಕೂತಿತ್ತು, ತೊಡೆಯ ಮೇಲೆ ಒಂದೊಂದು ಫೈಲು ಇಟ್ಟುಕೊಂಡು. ಅವಳಿಗೆ ಸಿಕ್ಕಿದ ಸಂಖ್ಯೆ ಹದಿನೆಂಟು.

ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಗಡಸು ಗಂಡುದನಿ ಕೇಳಿತು: "ನಂಗೆ ಮಾತು ಕಡಿಮೆ ಸರ್. ಆದ್ರೆ ನೋಡಿದ್ದು ಮರೆಯಲ್ಲ..."

ಮುಂದಿನ ಹುಡುಗಿಯ ಅಜ್ಜಿಯೂ ಕೋಣಂದೂರಲ್ಲಿ ಕಳೆದುಹೋದಳು. ಅದರ ಮುಂದಿನವನ ಅಜ್ಜಿಯೂ ನವಿಲಿನ ಆಟೋ ಹತ್ತಿದಳು. ಪೂರ್ಣೇಶ್ ಎಂಬವನಂತೂ ಅಜ್ಜಿಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಲೇ ಹೊರಬಂದ.

ಧನ್ಯಶ್ರೀಯ ಸರದಿ ಬರುವಾಗ ಮ್ಯಾನೇಜರ್ ಕೃಷ್ಣಪ್ರಸಾದ್ ಹಣೆ ಒತ್ತಿಕೊಳ್ಳುತ್ತಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿದರು. "ಮಾತು ಕಡಿಮೆ, ಆಟೋ, ನವಿಲು. ಬೆಳಿಗ್ಗೆಯಿಂದ ಹದಿನೇಳು ಅಜ್ಜಿಯರು ಕಳೆದುಹೋಗಿದ್ದಾರಮ್ಮ. ನಿಮ್ಮದು ಹದಿನೆಂಟನೇದಾ?"

"ಸರ್, ಆ ಅಜ್ಜಿ ನಮ್ಮೋರು!" ಧನ್ಯಶ್ರೀ ಕೂಗಿಯೇಬಿಟ್ಟಳು. "ಬೇಕಾದ್ರೆ ಈಗ್ಲೇ ಕೇಳಿ!" ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಅಜ್ಜೀ, ಕೋಣಂದೂರು ಸಂತೇಲಿ ಕಳೆದುಹೋಗಿದ್ದು ಯಾರು? ದೊಡ್ಡ ಸಾಹೇಬ್ರು ಕೇಳ್ತಿದ್ದಾರೆ."

ಮಾಸ್ತಮ್ಮಜ್ಜಿಗೆ ಕಿವಿ ಮಂದ, ದನಿ ದೊಡ್ಡದು. ಸಾಹೇಬರೆಂದ ಕೂಡಲೇ ಮಾನದ ಪ್ರಶ್ನೆ ಎದ್ದಿತು.

"ನಾನಾ? ನಾನ್ಯಾಕೆ ಕಳೆದುಹೋಗ್ಲಿ! ಐವತ್ತು ವರ್ಷ ಆ ಸಂತೆ ತಿರುಗಿದೋಳು ನಾನು! ಕಳೆದುಹೋಗಿದ್ದು ಈ ಕೂಸೇ. ನಾನೇ ಆಟೋ ಹಿಡಿದು ಹುಡುಕ್ಕೊಂಡು ಬಂದಿದ್ದು. ಅದಕ್ಕೆ ದಾರಿ ತಿಳಿಯಲ್ಲ ಸಾಹೇಬ್ರೇ, ಕೈ ಹಿಡಿದು ಬಸ್ ಹತ್ಸಿ ಕಳ್ಸಿ!"

ಕೃಷ್ಣಪ್ರಸಾದ್ ಅವಳ ಫೈಲಿನ ಮೇಲಿನ ಹೆಸರು ಓದಿಕೊಂಡು, ಅದನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ವಾಪಸು ಕೊಟ್ಟರು.

ಧನ್ಯಶ್ರೀ ಹೊರಗಿನ ಬೆಂಚಿನ ಮೇಲೆ ಕೂತಳು. ಬಾಗಿಲಿಗೇ ಕಿವಿಯಿಟ್ಟು ನಿಂತಿದ್ದ ಹತ್ತೊಂಬತ್ತನೆಯವಳು ಒಳಗೆ ಹೋದಳು.

"ನಿಮ್ಮ ದೌರ್ಬಲ್ಯ ಏನು?"

"ನಂಗೆ ದಾರಿ ತಿಳಿಯಲ್ಲ ಸರ್. ಚಿಕ್ಕೋಳಿದ್ದಾಗ ಕೋಣಂದೂರು ಸಂತೇಲಿ ಕಳೆದುಹೋಗಿದ್ದೆ. ಅಜ್ಜೀನೇ ಆಟೋ ಹಿಡಿದು ಹುಡುಕಿದ್ರು."

ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಅಜ್ಜಿ ಹೇಳಿದ್ದೂ ಇದನ್ನೇ! ಹಾಗಾದ್ರೆ ಅವರ ನಿಜವಾದ ಮೊಮ್ಮಗಳು, ಆ ಫೈಲಿನ ಹೆಸರಿನವರು ನೀವೇ. ಯಾವತ್ತಿಂದ ಬರ್ತೀರಿ ಧನ್ಯಶ್ರೀ?"

"ನಾಳೆಯಿಂದ್ಲೇ ಸರ್," ಎಂದಿತು ಒಳಗಿನ ದನಿ, ಥೇಟು ಹೊರಗೆ ಕೂತವಳ ಹಾಗೆಯೇ, ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆನ್ನುತ್ತ.