ಮುಳ್ಳೆರಡೂ ಒಂದಾದ ಗಳಿಗೆ

"ನಾನು ಬದುಕಿರೋವರೆಗೂ ಈ ಗಾಡಿಗೆ ಇನ್ನೊಬ್ಬನ ಸ್ಪ್ಯಾನರ್ ತಾಗಕೂಡದು!"

ಭಾನುವಾರ ಬೆಳಿಗ್ಗೆ ಭೂಗೋಳದ ಮೇಷ್ಟ್ರು ಹಿತ್ತಲಲ್ಲಿ ನಿಂತು ಹೀಗೆ ಘೋಷಿಸಿದರು. ಕೇಳಿಸಿಕೊಂಡದ್ದು ಹೆಂಡತಿ ಮತ್ತು ಗಾಡಿ.

ಅದು ಹಳೇ ಮೋಟಾರ್‌ಸೈಕಲ್. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್. ಎರಡೂ ಸೇರಿ ಎಂಜಿನ್ನಿಗೆ ಸಮನಾಗಿ ಗಾಳಿ, ಪೆಟ್ರೋಲು ಉಣಿಸಬೇಕು. ಆದರೆ ಒಂದು ಏರಿಗೆ ಎಳೆದರೆ ಇನ್ನೊಂದು ನೀರಿಗೆ ಎಳೆಯುತ್ತಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಡುಗುವ ರೀತಿಗೆ, ಪಕ್ಕದಲ್ಲಿ ನಿಂತವರು ಮೇಷ್ಟ್ರಿಗೆ ಚಳಿಜ್ವರ ಎಂದುಕೊಂಡು ಆಚೆ ಸರಿಯುತ್ತಿದ್ದರು.

ಅದಕ್ಕೇ ಮೇಷ್ಟ್ರು ವ್ಯಾಕ್ಯೂಮ್ ಗೇಜ್ ತರಿಸಿದ್ದರು. ಗಡಿಯಾರದಂಥ ಎರಡು ಮುಖ, ಎರಡು ರಬ್ಬರ್ ಕೊಳವೆ. ಯಾವ ಸಿಲಿಂಡರ್ ಎಷ್ಟು ಜೋರಾಗಿ ಗಾಳಿ ಎಳೆಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಎರಡೂ ಮುಳ್ಳು ಒಂದೇ ಅಂಕಿಗೆ ಬರುವ ತನಕ ಕಾರ್ಬ್ಯುರೇಟರುಗಳ ನಡುವಿನ ತಿರುಪು ತಿರುಗಿಸಬೇಕು. ಅಷ್ಟೇ!

"ಅಷ್ಟೇನಾ?" ಎಂದಳು ಹೆಂಡತಿ. ಆಕೆ ದೊಡ್ಡಾಸ್ಪತ್ರೆಯಲ್ಲಿ ನರ್ಸು. 'ಅಷ್ಟೇ' ಎಂದವರನ್ನೆಲ್ಲ ಆಮೇಲೆ ಸ್ಟ್ರೆಚರಿನಲ್ಲಿ ನೋಡಿದ್ದವಳು. "ಮಧ್ಯಾಹ್ನ ಡ್ಯೂಟಿ ಇದೆ ರೀ. ಇವತ್ತು ಮೇಟ್ರನ್ ರೌಂಡ್ಸು ಬೇರೆ. ತಡ ಆಗೋ ಹಾಗಿಲ್ಲ."

"ಪಲ್ಲಕ್ಕೀಲಿ ಕೂತ ಹಾಗೆ ಕೂತ್ಕೊಂಡು ಹೋಗ್ತೀಯ, ನೋಡ್ತಾ ಇರು!"

ತಿರುಪಿಗೆ ಕೈ ಎಟುಕಬೇಕಾದರೆ ಪೆಟ್ರೋಲ್ ಟ್ಯಾಂಕ್ ಇಳಿಸಬೇಕು. ಟ್ಯಾಂಕ್ ಇಳಿಸಿದರೆ ಎಂಜಿನ್ನಿಗೆ ಕುಡಿಯಲು ಏನು? ಖಾಲಿ ಗ್ಲೂಕೋಸ್ ಬಾಟಲಿಗೆ ಪೆಟ್ರೋಲು ತುಂಬಿ, ಬಟ್ಟೆ ಒಣಹಾಕುವ ತಂತಿಗೆ ತೂಗುಹಾಕಿ, ಹೆಂಡತಿಯೇ ಕೊಳವೆ ಜೋಡಿಸಿದಳು. ಅಭ್ಯಾಸಬಲದಿಂದ ಎಂಜಿನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟು, "ಏನೂ ಆಗಲ್ಲ, ಹೆದರ್ಕೋಬೇಡಿ" ಎಂದಳು.

ನಿಂತಲ್ಲೇ ಓಡುವ ಎಂಜಿನ್ ಕಾದೀತೆಂದು ನಡುಮನೆಯ ಟೇಬಲ್ ಫ್ಯಾನ್ ಹಿತ್ತಲಿಗೆ ಬಂತು. ಸದ್ದು ತಡೆಯಲೆಂದು ಮೇಷ್ಟ್ರ ಕಿವಿಗೆ ಹತ್ತಿ ಹೋಯಿತು. ಗಾಡಿ ಗುಡುಗಿತು!

ತಿರುಪು ಹಿಡಿದವನಿಗೆ ಮುಳ್ಳು ಕಾಣದು. ಹಾಗಾಗಿ ಓದುವ ಕೆಲಸ ಹೆಂಡತಿಗೆ.

"ಬಲಗಡೆಯವರು ಪರವಾಗಿಲ್ಲ!" ಎಂದು ಕೂಗಿದಳು. "ಎಡಗಡೆಯವರ ಸ್ಥಿತಿ ಗಂಭೀರ!"

ಮೇಷ್ಟ್ರು ತಿರುಗಿಸಿದರು.

"ಇನ್ನೂ ಗಂಭೀರ!"

"ಯಾರ ಎಡ? ನಿನ್ನದೋ ನಂದೋ?"

"ಪೇಷಂಟ್ ಎಡ!"

ದಿಕ್ಕುಗಳ ಬಗ್ಗೆಯೇ ಪಾಠ ಹೇಳಿ ಅನ್ನ ಉಂಡ ಮೇಷ್ಟ್ರು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿಸಿ, ಕೊನೆಗೆ ಮುಟ್ಟಬಾರದ ಇನ್ನೊಂದು ತಿರುಪಿಗೇ ಕೈಹಾಕಿದರು. ಎಂಜಿನ್ ಕಿರುಚಿಕೊಂಡಿತು. ಗೋಡೆಯಾಚೆಯಿಂದ ಸಂಗೀತದ ಮೇಡಂ ತಲೆ ಎದ್ದಿತು.

"ಮೇಷ್ಟ್ರೇ, ಶ್ರುತಿ ಸೇರ್ತಾ ಇಲ್ಲ!"

"ಅದನ್ನೇ ಸೇರಿಸ್ತಾ ಇದ್ದೀನಮ್ಮ!"

ಆ ಗಾಬರಿಯಲ್ಲಿ ಮೇಷ್ಟ್ರ ಮೊಣಕೈ ಫ್ಯಾನಿಗೆ ತಾಗಿತು. ಫ್ಯಾನು ತಂತಿಯ ಕಡೆ ಮುಖ ತಿರುಗಿಸಿತು. ರೌಂಡ್ಸಿಗೆಂದು ಗಂಜಿ ಹಾಕಿ ಒಣಗಿಸಿದ್ದ ನರ್ಸಮ್ಮನ ಬಿಳಿ ಟೋಪಿ ಕೊಕ್ಕರೆಯಂತೆ ಹಾರಿ, ಫಿಲ್ಟರ್ ಬಿಚ್ಚಿದ್ದ ಕಾರ್ಬ್ಯುರೇಟರಿನ ಬಾಯಿಗೇ ಹೋಗಿ ಕಚ್ಚಿಕೊಂಡಿತು. ಎಡಗಡೆಯ ಮುಳ್ಳು ಎಗರಿತು. ಗಾಡಿ ಕೆಮ್ಮಿತು.

"ನನ್ನ ಟೋಪಿ!"

ಮೇಷ್ಟ್ರು ಎಳೆದು ತೆಗೆದರು. ಅದೀಗ ಅಡುಗೆಮನೆಯ ಮಸಿಬಟ್ಟೆಯ ಜಾತಿಗೆ ಸೇರಿತ್ತು. ಹೆಂಡತಿ ಅದನ್ನು ನೋಡಿದಳು, ಗಂಡನನ್ನೂ ನೋಡಿದಳು. ಯಾವುದನ್ನು ಮೊದಲು ಒಗೆಯುವುದೆಂದು ಯೋಚಿಸಿದಂತೆ ಕಂಡಿತು.

"ಇನ್ನೊಂದೇ ಸುತ್ತು, ಮಹಾರಾಯ್ತಿ! ಮುಳ್ಳು ನೋಡು!"

ಆಕೆ ನೋಡಿದ್ದು ಮುಳ್ಳನ್ನಲ್ಲ, ಮೇಲೆ ತೂಗುತ್ತಿದ್ದ ಬಾಟಲಿಯನ್ನು. "ರೀ, ಡ್ರಿಪ್ಪು ಮುಗೀತಾ ಬಂತು!"

ಹತ್ತಿ ತುಂಬಿದ ಕಿವಿಗೆ ಅದು 'ತಪ್ಪು ಮುಗೀತಾ ಬಂತು' ಎಂದು ಕೇಳಿಸಿತು. ಮೇಷ್ಟ್ರ ಎದೆ ಉಬ್ಬಿತು. ಕಣ್ಣುಮುಚ್ಚಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸಿದರು. ಬಗ್ಗಿ ಗೇಜಿನತ್ತ ಇಣುಕಿದರು.

ಆಹಾ! ಎರಡೂ ಮುಳ್ಳು ಒಂದೇ ಕಡೆ! ಕೂದಲೆಳೆಯ ವ್ಯತ್ಯಾಸವಿಲ್ಲ. ಅಲುಗಾಟವಿಲ್ಲ. ಅಷ್ಟು ಹೊತ್ತಿನ ಗಾಡಿಯ ನಡುಕ ಇನ್ನೂ ಅವರ ಮೈಯಲ್ಲೇ ಇತ್ತು. ಪಕ್ಕದಲ್ಲಿ ಫ್ಯಾನು ಗೊರಗುಟ್ಟುತ್ತಿತ್ತು. ಮೇಷ್ಟ್ರು ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದು ಎದ್ದು ನಿಂತರು.

"ನೋಡಿದ್ಯಾ! ಸರಿಸಮ! ಅಂದಿದ್ನೋ ಇಲ್ವೋ?"

ಹೆಂಡತಿ ಹತ್ತಿರ ಬಂದು, ಅವರ ಎರಡೂ ಕಿವಿಯ ಹತ್ತಿ ಕಿತ್ತಳು. ಫ್ಯಾನಿನ ಸದ್ದೊಂದು ಬಿಟ್ಟರೆ ಹಿತ್ತಲು ನಿಶ್ಶಬ್ದವಾಗಿತ್ತು. ಗೋಡೆಯಾಚೆಯ ಸರಿಗಮ ಸ್ಪಷ್ಟವಾಗಿ ಕೇಳುತ್ತಿತ್ತು.

"ಸರಿಸಮ ಏನೋ ಆಗಿದೆ ರೀ," ಎಂದಳು ಆಕೆ, ಬಸ್ಸಿಗೆ ಹೊರಡಲು ಬ್ಯಾಗು ಹೆಗಲಿಗೇರಿಸುತ್ತಾ. "ಆದ್ರೆ ಎರಡೂ ಸೊನ್ನೇಲಿ ನಿಂತಿದೆ. ನಮ್ಮ ವಾರ್ಡಲ್ಲಿ ಹೀಗಾದ್ರೆ ಯಾರೂ ಚಪ್ಪಾಳೆ ತಟ್ಟಲ್ಲ. ಮನೆಯವರನ್ನ ಒಳಗೆ ಕರೀತೀವಿ."